ಗಾಳಿ ಬೇಡದ ಪೆಟ್ಟಿಗೆ

ಹೊಸ ಕೀಬೋರ್ಡಿಗೆ ಗಾಳಿ ಬೇಡ.
ತಲೆ ಇದನ್ನು ಒಪ್ಪಿ ಆರು ವರ್ಷ,
ಕಾಲುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ನಿರಿಗೆಯೊಳಗೆ ಎಡ ಬಲ, ಎಡ ಬಲ
ಬರೀ ನೆಲವನ್ನು ತುಳಿಯುತ್ತಲೇ ಇರುತ್ತವೆ.
"ದೋರ್ಕಾಸ್ ಆಂಟಿ, ಫ್ರೇಮ್ ಅಲ್ಲಾಡ್ತದೆ,"
ಕ್ಯಾಮರಾದ ಹಿಂದಿನಿಂದ ಅಶೇರ್.
ಅಲ್ಲಾಡಲಿ ಮಾರಾಯ,
ಉಪ್ಪಳದ ಈ ಸಭೆಯ ಕಾಲುಪೆಟ್ಟಿಗೆಗೆ
ನಲವತ್ತು ವರ್ಷ ಉಸಿರು ಕೊಟ್ಟ ಕಾಲುಗಳು.

ಮೊದಲು ಜೀಪು.
ನೆತ್ತಿಯಲ್ಲಿ ದತ್ತೂರದ ಹೂವಿನಂಥ ಸ್ಪೀಕರು,
ಹಿಂದೆ ನಾವು ಐವರು, ಒಂದು ಬ್ಯಾಟರಿ,
ಅದರ ಆಸಿಡ್ಡಿಗೆ ತೂತಾದ ನನ್ನ ಲಂಗ.
ಹೊಸಂಗಡಿಯ ಸಂತೆಯಲ್ಲಿ ನಿಂತು ಹಾಡಿದರೆ
ಮೀನಿನವರು ದರ ಕೂಗುವುದನ್ನು ನಿಲ್ಲಿಸುತ್ತಿರಲಿಲ್ಲ,
ನಾವೂ ನಿಲ್ಲಿಸುತ್ತಿರಲಿಲ್ಲ.
ಬಂಗುಡೆಯೂ ಕೃಪೆಯೂ ಒಂದೇ ಏರುದನಿಯಲ್ಲಿ,
ಕೃಪೆಗೆ ಮಾತ್ರ ಯಾರೂ ಚೌಕಾಶಿ ಮಾಡಲಿಲ್ಲ.

ಆಮೇಲೆ ಕ್ಯಾಸೆಟ್ಟು.
ಎ ಬದಿ ಕನ್ನಡ, ಬಿ ಬದಿ ತುಳು,
ಲೇಬಲ್ಲಿನ ಗುಂಡಕ್ಷರ ನನ್ನದು.
ರೈಲಿನ ವೇಳೆ ನೋಡಿಕೊಂಡೇ ರೆಕಾರ್ಡು ಮಾಡಿದ್ದೆವು,
ಆದರೂ ನಾಲ್ಕನೇ ಹಾಡಿನಲ್ಲಿ
ಹೇಳದೆ ಕೇಳದೆ ಗೂಡ್ಸೊಂದು ಹಾದುಹೋಗಿದೆ.
ಜನ ಅದನ್ನೂ ಸೇರಿಸಿಯೇ ಬಾಯಿಪಾಠ ಮಾಡಿದರು.
ಬೀಡಿ ಕಟ್ಟುವ ಹೆಂಗಸರು ಕೊಂಡರು,
ದೇವರಿಗಲ್ಲ, ತಾಳಕ್ಕೆ:
"ನಿಮ್ಮ ಮೂರನೆಯದಕ್ಕೆ ಕೈ ತನ್ನಷ್ಟಕ್ಕೆ ಓಡ್ತದೆ ಬಾಯಮ್ಮ,
ಗಂಟೆಗೆ ಇಪ್ಪತ್ತು ಬೀಡಿ ಹೆಚ್ಚು."
ವಾರ್ಷಿಕ ವರದಿಯಲ್ಲಿ ಈ ಸಾಕ್ಷಿಯನ್ನು
ಎಲ್ಲಿ ಸೇರಿಸುವುದೆಂದು ಸಭಾಪಾಲಕರಿಗೆ ತಿಳಿಯಲಿಲ್ಲ.

ಸೀಡಿಯ ಕತೆ ಸಣ್ಣದು.
ಐನೂರರಲ್ಲಿ ಇನ್ನೂರು ಉಳಿದು
ಮರ್ಸಿಯಕ್ಕನ ಬಸಳೆ ಚಪ್ಪರದಲ್ಲಿ ತೂಗುತ್ತಿವೆ,
ಹನ್ನೆರಡು ಹಾಡನ್ನೂ ಬಿಸಿಲಿಗೆ ತೋರಿಸಿ
ನವಿಲು ಓಡಿಸುತ್ತವೆ.
ನಮ್ಮನ್ನು ಹೆಚ್ಚು ಹಂಚಿದ್ದು ಅಂದುಂಞಿಯ ಮೊಬೈಲಂಗಡಿ.
ಮೂವತ್ತು ರೂಪಾಯಿಗೆ ಚಿಪ್ ತುಂಬಿಸುವಾಗ
ಸಿನಿಮಾಕ್ಕೂ ಮಾಪ್ಪಿಳಪ್ಪಾಟಿಗೂ ನಡುವೆ ನಮ್ಮದೊಂದು.
ಯಾಕೆಂದು ಕೇಳಿದರೆ, "ಜಾಗ ಉಳಿದಿತ್ತು."

ಈಗ ಗೋಡೆಯ ಮೇಲೆ ಪರದೆ.
ಮಕ್ಕಳೆಲ್ಲ ಮಲಯಾಳ ಮೀಡಿಯಂ,
ಹಾಡು ಕನ್ನಡ, ಅಕ್ಷರ ಅವರದು.
ನಮ್ಮ 'ಪಾಪ' ಅವರ ಬಾಯಲ್ಲಿ 'ಪಾಬ'.
ಎಲಿಯಾಸ್ ಜತ್ತನ್ನರು ಎದ್ದು ಹೊರಗೆ ಹೋದರು,
ಚಪ್ಪಲಿ ಸಿಗದೆ
ಕೊನೆಯ ಚರಣ ಪೂರ್ತಿ ಕೇಳಿಯೇ ಹೋದರು.
ನನಗೋ, ಪಾಪ ಅಷ್ಟಾದರೂ ಮೆತ್ತಗಾಯಿತಲ್ಲ ಅನ್ನಿಸಿತು.
ಅರುವತ್ತಮೂರರಲ್ಲಿ ಕೂತು ಆ ಅಕ್ಷರ ತಿದ್ದಿದೆ.
ಸಿಕ್ಕಿಕೊಂಡ ಟೇಪಿನ ಹಾಗೆ ಸುರುಳಿ ಸುರುಳಿ,
ಪೆನ್ಸಿಲು ಹಾಕಿ ಮೆಲ್ಲ ತಿರುಗಿಸಿದರೆ
ಬಿಡಿಸಿಕೊಳ್ಳುತ್ತದೆ.

ಅಶೇರ್ ಒಂದು ದಿನ ಕ್ಯಾಮರಾ ಕೆಳಗಿಳಿಸಿದ.
ನನ್ನ ಕಾಲುಗಳು, ಮೂವತ್ತು ಸೆಕೆಂಡು.
ನಲವತ್ತು ಸಾವಿರ ಜನ ನೋಡಿದರಂತೆ.
"ಅಜ್ಜಿ ಹೊಲಿಗೆ ಮೆಷಿನ್ ಹುಡುಕ್ತಿದ್ದಾರಾ?"
ನಾನೂ ನಕ್ಕೆ.
ರಾತ್ರಿ ಮಾತ್ರ, ಸೆಕೆಯಲ್ಲೂ,
ಕಾಲುಗಳಿಗೆ ಹೊದಿಕೆ ಎಳೆದುಕೊಂಡೆ.

ಬುಧವಾರದ ನೇರ ಪ್ರಸಾರಕ್ಕೆ ಹತ್ತೊಂಬತ್ತು.
ಅದರಲ್ಲೊಂದು ಕಿಟಕಿಯಲ್ಲಿಟ್ಟ ನನ್ನದೇ ಫೋನು,
ನಾನು ಮುಗಿಸಿದ ಸಾಲನ್ನು ಅದು ಆಗಷ್ಟೆ ಶುರುಮಾಡುತ್ತದೆ.
ಇನ್ನೊಂದು, ಮಂಜೇಶ್ವರದಿಂದ ಹೊರಟ ಬೋಟು.
ಯಾವ ಊರಿನವನೋ, ಯಾವ ದೇವರವನೋ,
ಟವರಿನ ಕೈ ಚಾಚುವಷ್ಟು ದೂರ ನಮ್ಮನ್ನು ಒಯ್ಯುತ್ತಾನೆ.
ಆಮೇಲೆ ಹದಿನೆಂಟು.
ಈ ವಾರ ಬರೆದಿದ್ದ: ಎಂಜಿನ್ ಸದ್ದು. ಕೇಳುವುದಿಲ್ಲ.

ಜೋರು ಮಾಡ್ತೇನೆ ಅಂದ ಅಶೇರ್, ಗುಂಡಿಗೆ ಕೈಹಾಕಿ.
ತಡಿ, ಅಂದೆ.
ಅವನ ಎಂಜಿನ್ನಿನ ಶ್ರುತಿ ಯಾವುದು, ಕೇಳು.
ನಾವು ಅಲ್ಲಿಂದಲೇ ಎತ್ತಿಕೊಳ್ಳುವ.